ಕೀಬೋರ್ಡ್ ಮುಟ್ಟದೆ, ಗಿಟಾರ್‌ನಿಂದಲೇ ಡ್ಯಾನ್ಸ್ ಆಲ್ಬಂ: ಹೇಗೆ ಶುರು ಮಾಡಲಿ?

ತಂತಿಮೀಟು:

ಎಲ್ಲರಿಗೂ ನಮಸ್ಕಾರ. ಹೌಸ್ ಮತ್ತು ಟೆಕ್ನೋ ಶೈಲಿಯಲ್ಲಿ ಒಂದು ಪೂರ್ತಿ ಆಲ್ಬಂ ಮಾಡಬೇಕು ಅಂತಿದ್ದೇನೆ. ವೇಗ 120ರಿಂದ 128 ಬಿಪಿಎಂ (ನಿಮಿಷಕ್ಕೆ ಬಡಿತ) ಒಳಗೆ. ಹಾಕಿಕೊಂಡಿರುವ ನಿಯಮ ಒಂದೇ, ಕೀಬೋರ್ಡ್ ಬೇಡ. ಡ್ರಮ್ ಮಷೀನ್ ಇರಲಿ, ಆದರೆ ಬೇಸ್, ಕಾರ್ಡ್, ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಸದ್ದು), ಲೀಡ್ (ಮುಖ್ಯ ರಾಗ) ಎಲ್ಲವೂ ಗಿಟಾರ್‌ನಿಂದಲೇ ಹುಟ್ಟಬೇಕು.

ಹಠಕ್ಕೆ ಮಾಡುತ್ತಿರುವುದಲ್ಲ. ನನಗೆ ಸ್ವರಗಳು ಕಾಣುವುದೇ ಫ್ರೆಟ್‌ಬೋರ್ಡ್ ಮೇಲೆ. ಕಂಪ್ಯೂಟರ್‌ನ ಪಿಯಾನೋ ರೋಲ್‌ನಲ್ಲಿ ಮೌಸ್ ಹಿಡಿದು ಚೌಕ ಎಳೆದರೂ ರಾಗ ಬರುತ್ತದೆ, ಆದರೆ ಅದರಲ್ಲಿ ನನ್ನ ಕೈ ಕೇಳಿಸುವುದಿಲ್ಲ. ಬೆರಳು ಜಾರುವುದು, ತಂತಿ ಎಳೆಯುವುದು, ಅಂಗೈ ಇಟ್ಟು ಸದ್ದು ಅಡಗಿಸುವುದು, ಇದೆಲ್ಲ ಆಲ್ಬಂನಲ್ಲಿ ಇರಲೇಬೇಕು ಅನ್ನುವ ಆಸೆ.

ತೊಂದರೆ ಎಲ್ಲಿ ಅಂದರೆ, ಕಿಕ್ (ಡ್ರಮ್‌ನ ದಪ್ಪ ಹೊಡೆತ) ಮೇಲೆ ಗಿಟಾರ್ ಇಟ್ಟ ತಕ್ಷಣ ಅದು ರಾಕ್ ಹಾಡಿನ ಕೆಳಗೆ ಡ್ಯಾನ್ಸ್ ಬೀಟ್ ಅಂಟಿಸಿದ ಹಾಗೆ ಕೇಳುತ್ತದೆ. ಎರಡೂ ಬೇರೆ ಬೇರೆ ಕೋಣೆಯಲ್ಲಿ ನಡೆಯುತ್ತಿವೆ ಅನ್ನಿಸುತ್ತದೆ. ಮಿಡಿ ಪಿಕಪ್ (ನುಡಿಸಿದ ಸ್ವರವನ್ನು ಸೂಚನೆಯಾಗಿ ಕಳಿಸುವ ಸಾಧನ) ಹಾಕಿ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ನುಡಿಸಲಾ, ಇಲ್ಲ ಗಿಟಾರ್‌ನ ಸದ್ದನ್ನೇ ತಿರುಚಿ ಬಳಸಲಾ? ಪ್ಯಾಡ್ ಹೇಗೆ ಬರುತ್ತದೆ, ತಂತಿಯ ಸದ್ದು ಬೇಗ ಸಾಯುತ್ತದಲ್ಲ? ಮಾಡಿದವರು ಹೇಳಿ. ಉದ್ದ ಬರೆದರೂ ಪೂರ್ತಿ ಓದುತ್ತೇನೆ.

ಆರನೇತಂತಿ:

ಒಳ್ಳೆಯ ಯೋಚನೆ, ಬಿಡಬೇಡಿ. ಇದು ಹೊಸ ದಾರಿಯೂ ಅಲ್ಲ. ಮ್ಯಾನುಯೆಲ್ ಗಾಟ್‌ಶಿಂಗ್ ಅನ್ನುವ ಜರ್ಮನ್ ಗಿಟಾರ್ ವಾದಕ 1975ರಲ್ಲೇ ಬರೀ ಎಲೆಕ್ಟ್ರಿಕ್ ಗಿಟಾರ್, ಎಕೋ ಮತ್ತು ಟೇಪ್ ಬಳಸಿ ಒಂದು ಇಡೀ ಆಲ್ಬಂ ಮಾಡಿದರು. ಅದೇ ಮನುಷ್ಯ 1981ರಲ್ಲಿ ಸ್ವರಗಳನ್ನು ತಾನಾಗಿ ನುಡಿಸುವ ಸೀಕ್ವೆನ್ಸರ್ ಓಡಿಸಿಟ್ಟು ಸುಮಾರು ಒಂದು ಗಂಟೆ ಒಂದೇ ಬೀಸಿನಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ದು 'ಇ2-ಇ4'. ಅದು ಹೊರಬಂದದ್ದು 1984ರಲ್ಲಿ. ಮುಂದೆ ಹೌಸ್, ಟೆಕ್ನೋ ಮಾಡುವವರು ಅದನ್ನು ತಲೆ ಮೇಲೆ ಹೊತ್ತುಕೊಂಡರು. ಅದರಲ್ಲಿ ಗಿಟಾರ್ ಬರುವುದೇ ಸುಮಾರು ಅರ್ಧ ಮುಗಿದ ಮೇಲೆ. ಬಂದಾಗಲೂ ಲಯದ ಒಳಗೆ ಕೂತು ಮಾತಾಡುತ್ತದೆ. ನಿಮ್ಮ 'ಬೇರೆ ಬೇರೆ ಕೋಣೆ' ಸಮಸ್ಯೆಗೆ ಉತ್ತರ ಅಲ್ಲೇ ಇದೆ, ಕಿವಿಗೊಟ್ಟು ಕೇಳಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಗಿಟಾರ್‌ನಿಂದ ಕೀಬೋರ್ಡ್ ಮಾಡಲು ಹೋಗಬೇಡಿ. ಮಿಡಿ ಪಿಕಪ್ ಹಾಕಿ ಕೊನೆಗೆ ಸಿಂಥ್ ಸದ್ದೇ ಬರುವುದಾದರೆ ಕೇಳುವವರಿಗೆ ಏನು ವ್ಯತ್ಯಾಸ ಗೊತ್ತಾಗುತ್ತದೆ? ಗಿಟಾರ್ ಸದ್ದನ್ನೇ ಕಚ್ಚಾ ಸಾಮಾನು ಅಂತ ತಿಳಿದುಕೊಳ್ಳಿ.

ಸಿಂಥ್ ಒಳಗೆ ಆಗುವುದೇನು ಅಂತ ಮೊದಲು ನೋಡಿ. ಹಾರ್ಮಾನಿಕ್ಸ್ (ಮೂಲ ಸ್ವರದ ಮೇಲಿನ ಉಪಸ್ವರಗಳು) ತುಂಬಿದ ಒಂದು ಅಲೆ, ಅದನ್ನು ಕತ್ತರಿಸುವ ಫಿಲ್ಟರ್, ಸದ್ದು ಯಾವಾಗ ಏರಬೇಕು ಯಾವಾಗ ಇಳಿಯಬೇಕು ಅಂತ ಹೇಳುವ ಎನ್ವಲಪ್. ಇಷ್ಟೇ. ಗಿಟಾರ್ ತಂತಿಯಲ್ಲಿ ಹಾರ್ಮಾನಿಕ್ಸ್ ಬೇಕಾದಷ್ಟಿವೆ, ಆದರೆ ಮೀಟಿದ ಕ್ಷಣದಲ್ಲಿ ಮಾತ್ರ. ಮೇಲಿನವು ಬೇಗ ಸಾಯುತ್ತವೆ, ಕೆಳಗಿನದು ಉಳಿಯುತ್ತದೆ. ಅದಕ್ಕೇ ಕ್ಲೀನ್ ಗಿಟಾರ್ ಮೇಲೆ ಫಿಲ್ಟರ್ ನಿಧಾನವಾಗಿ ತೆರೆದರೆ ಏನೂ ಆಗುವುದಿಲ್ಲ, ಫಿಲ್ಟರ್ ತೆರೆಯುವ ಹೊತ್ತಿಗೆ ಅದರ ಹಿಂದೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಫಿಲ್ಟರ್‌ಗೆ ಮೊದಲು ಕಂಪ್ರೆಸರ್ (ಜೋರು ಮತ್ತು ಮೆತ್ತಗಿನ ಸದ್ದಿನ ಅಂತರ ತಗ್ಗಿಸುವುದು), ಆಮೇಲೆ ಜೋರಾದ ಫಝ್ ಅಥವಾ ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟಾಗಿಸುವುದು) ಹಾಕಿ. ಫಝ್ ಆದ ಒಂಟಿ ಸ್ವರ ಹೆಚ್ಚುಕಡಿಮೆ ಚೌಕ ಅಲೆಯ ಹಾಗೇ ಇರುತ್ತದೆ, ಕೊನೆಯವರೆಗೂ ಹಾರ್ಮಾನಿಕ್ಸ್ ಇರುತ್ತವೆ. ಈಗ ಫಿಲ್ಟರ್ ತಿರುಗಿಸಿ ನೋಡಿ. ಅದೇ ಕ್ಷಣ ರಾಕ್ ವಾಸನೆ ಹೋಗುತ್ತದೆ.

ಒಂದು ಎಚ್ಚರಿಕೆ. ಫಝ್ ಹಾಕಿ ಕಾರ್ಡ್ ಬಾರಿಸಬೇಡಿ. ಎರಡು ಮೂರು ಸ್ವರ ಒಟ್ಟಿಗೆ ಡಿಸ್ಟಾರ್ಷನ್‌ಗೆ ಹೋದರೆ ಅವುಗಳ ಮೊತ್ತ, ವ್ಯತ್ಯಾಸದ ಸ್ವರಗಳೂ ಹುಟ್ಟಿ ಗಲೀಜಾಗುತ್ತದೆ. ರಾಕ್‌ನಲ್ಲಿ ಹೆಚ್ಚಾಗಿ ಪವರ್ ಕಾರ್ಡ್ (ಮೂಲ ಸ್ವರ ಮತ್ತು ಅದರ ಐದನೆಯದು ಮಾತ್ರ) ನುಡಿಸುವುದಕ್ಕೆ ಒಂದು ಕಾರಣ ಇದೇ. ನಿಮಗೆ ಮೈನರ್ ನೈನ್ತ್ ಥರದ ಕಾರ್ಡ್ ಬೇಕು ಅಂದರೆ ಒಂದೊಂದು ಸ್ವರವನ್ನೂ ಬೇರೆ ಟ್ರ್ಯಾಕ್‌ನಲ್ಲಿ, ಬೇರೆ ಬೇರೆ ಫಝ್ ಮೂಲಕ ರೆಕಾರ್ಡ್ ಮಾಡಿ, ಆಮೇಲೆ ಸೇರಿಸಿ. ಕೆಲಸ ಜಾಸ್ತಿ. ಆದರೆ ಸಿಕ್ಕುವ ಸದ್ದು ಯಾವ ಸಿಂಥ್‌ನಲ್ಲೂ ಸಿಗುವುದಿಲ್ಲ, ಯಾಕೆಂದರೆ ಪ್ರತಿ ಸ್ವರವೂ ಸ್ವಲ್ಪ ಬೇರೆ ರೀತಿ ಶುರುವಾಗಿ ಬೇರೆ ರೀತಿ ಅಲುಗುತ್ತದೆ.

ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಟ್ರಾನ್ಸ್ ಸಂಗೀತದ ಆ ದಪ್ಪ ಲೀಡ್ ಇದೆಯಲ್ಲ, ಸೂಪರ್‌ಸಾ, ಅದು ಒಂದೇ ಸ್ವರದ ಏಳು ಅಲೆಗಳು ಚೂರು ಚೂರು ಶ್ರುತಿ ತಪ್ಪಿ ಒಟ್ಟಿಗೆ ಓಡುವುದು. ಒಂದೇ ಸಾಲನ್ನು ಹಲವು ಸಲ ನುಡಿಸಿ, ಪ್ರತಿ ಸಲವೂ ಶ್ರುತಿಯನ್ನು ಕೆಲವು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ) ಮೇಲೆ ಕೆಳಗೆ ಮಾಡಿ, ಎಡ ಬಲಕ್ಕೆ ಹರಡಿ. ಗಿಟಾರ್‌ನ ಸೂಪರ್‌ಸಾ ಸಿದ್ಧ.

ಪ್ಯಾಡ್‌ಗೆ ಮೂರು ದಾರಿ ಇವೆ. ಒಂದು ಇ-ಬೋ, 1976ರಿಂದ ಮಾರುಕಟ್ಟೆಯಲ್ಲಿದೆ, ಅಯಸ್ಕಾಂತದ ಬಲದಿಂದ ಒಂದು ತಂತಿಯನ್ನು ಎಷ್ಟು ಹೊತ್ತು ಬೇಕಾದರೂ ಅಲುಗಿಸುತ್ತದೆ. ಸ್ವರ ಸ್ವರವಾಗಿ ಪದರ ಕಟ್ಟಿ. ಎರಡನೆಯದು ಗ್ಲಿಸಾಂಡೋ: ಲೋಹದ ನಯವಾದ ಕಡ್ಡಿಯನ್ನು ತಂತಿಗಳ ಮೇಲೆ ಮೆತ್ತಗೆ ಉಜ್ಜುತ್ತಾ, ಉದ್ದನೆಯ ಡಿಲೇ (ಮರುದನಿ) ಮತ್ತು ರಿವರ್ಬ್‌ಗೆ (ಕೋಣೆಯ ಗುಂಗು) ಬಿಡುವುದು. ಸ್ಟೀವ್ ಹಿಲೇಜ್ ಇದರಲ್ಲಿ ಹೆಸರು ಮಾಡಿದವರು, ಆಮೇಲೆ ಅವರೇ ಸಿಸ್ಟಮ್ 7 ಅನ್ನುವ ತಂಡ ಕಟ್ಟಿ ಟೆಕ್ನೋ ಜೊತೆ ಗಿಟಾರ್ ನುಡಿಸಿದರು. ಮೂರನೆಯದು, ರೆಕಾರ್ಡ್ ಮಾಡಿದ ಕಾರ್ಡ್‌ನ ಮೊದಲ ಹೊಡೆತ ಕತ್ತರಿಸಿ ಎಸೆದು ಉಳಿದದ್ದನ್ನು ಸ್ಯಾಂಪ್ಲರ್‌ನಲ್ಲಿ (ರೆಕಾರ್ಡ್ ಮಾಡಿದ ಸದ್ದನ್ನು ನುಡಿಸುವ ಸಾಧನ) ಲೂಪ್ ಮಾಡುವುದು. ಮೀಟಿದ ಸದ್ದು ಹೋದರೆ ಅದು ಗಿಟಾರ್ ಅಂತ ಕಿವಿ ಗುರುತಿಸುವುದು ಕಷ್ಟ. ನನಗೆ ಇಷ್ಟವಾದದ್ದು ಎರಡನೆಯದು. ಅದು ಉಸಿರಾಡುತ್ತದೆ.

ಹೆಕ್ಸ್‌ಪಿಕಪ್:

ಆರನೇತಂತಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ, ಮಿಡಿ ವಿಷಯ ಒಪ್ಪುವುದಿಲ್ಲ. ಸಿಂಥ್ ಸದ್ದು ಬಂದರೂ ಅದನ್ನು ಗಿಟಾರ್‌ನಿಂದ ನುಡಿಸಿದರೆ ರಾಗದ ಆಕಾರವೇ ಬೇರೆ ಆಗುತ್ತದೆ. ಕಾರ್ಡ್‌ನ ಸ್ವರಗಳು ಜೋಡಿಸಿಕೊಳ್ಳುವ ಕ್ರಮ, ಬೆಂಡ್, ಸ್ಲೈಡ್, ತಂತಿ ದಾಟುವ ಲಯ, ಇವು ಕೀಬೋರ್ಡ್ ಕೈಗೆ ಸುಮ್ನೆ ಬರುವುದಿಲ್ಲ. ಕೇಳುವವರಿಗೆ ಕಾರಣ ಗೊತ್ತಾಗದೆ ಇರಬಹುದು, ವ್ಯತ್ಯಾಸ ಖಂಡಿತ ತಟ್ಟುತ್ತದೆ.

ಆದರೆ ಮಿಡಿ ಗಿಟಾರ್ ಕೊಂಡು ಬೇಸತ್ತು ಬಿಟ್ಟವರು ತುಂಬ ಜನ, ಅದಕ್ಕೆ ಅದರ ಒಳಗಿನ ಲೆಕ್ಕ ಗೊತ್ತಿರಬೇಕು. ಕೀಬೋರ್ಡ್‌ನಲ್ಲಿ ಕೀಲಿ ಒತ್ತಿದರೆ ಅದು ಯಾವ ಸ್ವರ ಅಂತ ಯಂತ್ರಕ್ಕೆ ಮೊದಲೇ ಗೊತ್ತು. ಗಿಟಾರ್‌ನಲ್ಲಿ ತಂತಿ ಅಲುಗಿದ ಮೇಲೆ ಅಳೆಯಬೇಕು. ಅಳೆಯಲು ಕಡಿಮೆ ಅಂದರೂ ಒಂದು ಪೂರ್ತಿ ಆವರ್ತ ಬೇಕು, ನಂಬಿಕೆಗೆ ಎರಡು. ದಪ್ಪ ಇ ತಂತಿ ಸುಮಾರು 82 ಹರ್ಟ್ಸ್, ಅಂದರೆ ಒಂದು ಆವರ್ತಕ್ಕೆ 12 ಮಿಲಿಸೆಕೆಂಡ್. ಎರಡು ಆವರ್ತ ಅಂದರೆ 24. ಅದರ ಮೇಲೆ ಆಡಿಯೋ ಇಂಟರ್‌ಫೇಸ್‌ನ ತಡ ಬೇರೆ. ಸಣ್ಣ ಇ ತಂತಿ 330 ಹರ್ಟ್ಸ್ ಹತ್ತಿರ, ಅಲ್ಲಿ ಒಂದು ಆವರ್ತಕ್ಕೆ ಬರೀ 3 ಮಿಲಿಸೆಕೆಂಡ್. ಎಷ್ಟೇ ಒಳ್ಳೆಯ ಯಂತ್ರ ತಂದರೂ ಇದನ್ನು ಮೀರಲು ಆಗುವುದಿಲ್ಲ, ಇದು ಭೌತಶಾಸ್ತ್ರ.

ಹಾಗಾಗಿ ಬೇಸ್ ಸಾಲನ್ನು ಸಣ್ಣ ತಂತಿಗಳಲ್ಲಿ ನುಡಿಸಿ, ಸಿಂಥ್‌ನಲ್ಲಿ ಎರಡು ಸ್ಥಾಯಿ ಕೆಳಗಿಳಿಸಿ. ತಡ ಎಷ್ಟೋ ಕಡಿಮೆಯಾಗುತ್ತದೆ. ಇದೊಂದು ಗೊತ್ತಿಲ್ಲದೆಯೇ ಎಷ್ಟೋ ಜನ ಕೈಬಿಟ್ಟಿದ್ದಾರೆ.

ಆರು ತಂತಿಗೂ ಬೇರೆ ಬೇರೆ ಪಿಕಪ್ ಇರುವ ರೋಲ್ಯಾಂಡ್ ಜಿಕೆ ಅಥವಾ ಫಿಶ್‌ಮನ್ ಟ್ರಿಪಲ್‌ಪ್ಲೇ ಹಾಕಿದರೆ ಪ್ರತಿ ತಂತಿಯನ್ನೂ ಬೇರೆ ಮಿಡಿ ಚಾನೆಲ್‌ಗೆ ಕಳಿಸಿ. ಒಂದೇ ಚಾನೆಲ್‌ನಲ್ಲಿ ಕಳಿಸಿದರೆ ಒಂದು ತಂತಿ ಬೆಂಡ್ ಮಾಡಿದಾಗ ಇಡೀ ಕಾರ್ಡ್ ಜಾರುತ್ತದೆ. ಪಿಚ್ ಬೆಂಡ್ ವ್ಯಾಪ್ತಿ ಪಿಕಪ್‌ನಲ್ಲಿ 12 ಅರ್ಧಸ್ವರ ಅಂತ ಇದ್ದರೆ ಸಿಂಥ್‌ನಲ್ಲೂ 12 ಇರಬೇಕು. ಇಲ್ಲದಿದ್ದರೆ ಶ್ರುತಿಯೇ ಸೇರುವುದಿಲ್ಲ, ಆಮೇಲೆ ಜನ ಪಿಕಪ್ಪನ್ನು ಬೈಯುತ್ತಾರೆ. ಪಿಕಪ್ ಹಾಕುವ ಮನಸ್ಸಿಲ್ಲ ಅಂದರೆ ಜ್ಯಾಮ್ ಒರಿಜಿನ್‌ನ ಮಿಡಿ ಗಿಟಾರ್ ತಂತ್ರಾಂಶ ಇದೆ, ಸಾಮಾನ್ಯ ಗಿಟಾರ್ ಸಾಕು, ಕಾರ್ಡ್ ಕೂಡ ಗುರುತಿಸುತ್ತದೆ.

ನುಡಿಸುವ ರೀತಿಯೂ ಬದಲಾಗಬೇಕು. ಮೀಟದ ತಂತಿಗಳನ್ನು ಕೈಯಿಂದ ಪೂರ್ತಿ ಅಡಗಿಸಿ, ಇಲ್ಲದಿದ್ದರೆ ಅವು ಅಲುಗಿ ಎಲ್ಲೆಲ್ಲೋ ದೆವ್ವದ ಸ್ವರಗಳು ಮೂಡುತ್ತವೆ.

ಇನ್ನೊಂದು ದಾರಿ ಇದೆ, ಅದರಲ್ಲಿ ತಡದ ಪ್ರಶ್ನೆಯೇ ಇಲ್ಲ. ಗಿಟಾರನ್ನು ಆಡಿಯೋ ಆಗಿ ರೆಕಾರ್ಡ್ ಮಾಡಿ, ಆಮೇಲೆ ಮಿಡಿಗೆ ಬದಲಾಯಿಸಿ. ಏಬಲ್‌ಟನ್ ಲೈವ್‌ನ 9ನೇ ಆವೃತ್ತಿಯಿಂದಲೇ ಆ ಸೌಲಭ್ಯ ಇದೆ, ಮೆಲೊಡೈನ್ ಕೂಡ ಮಾಡುತ್ತದೆ. ನನ್ನ ಮೆಚ್ಚಿನ ಕೆಲಸ ಏನು ಅಂದರೆ ಎರಡನ್ನೂ ಇಟ್ಟುಕೊಳ್ಳುವುದು: ಮಿಡಿಯಿಂದ ಸಿಂಥ್, ಅದರ ಮೇಲೆ ಅದೇ ಗಿಟಾರ್‌ನ ಮೀಟಿದ ಸದ್ದು ಮಾತ್ರ, ಕೆಳಗಿನದೆಲ್ಲ ಕತ್ತರಿಸಿ. ಮೀಟು ಗಿಟಾರ್‌ದು, ದೇಹ ಸಿಂಥ್‌ದು.

ತಂತಿಮೀಟು:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಫಝ್ ಆದ ಮೇಲೆ ಫಿಲ್ಟರ್, ಇದನ್ನು ಓದಿದ ಕೂಡಲೇ ಮಾಡಿ ನೋಡಿದೆ, ಹೌದು, ಸದ್ದು ಪೂರ್ತಿ ಬೇರೆ ಲೋಕಕ್ಕೆ ಹೋಗುತ್ತದೆ. ಆದರೆ ಲಯದ ಒಳಗೆ ಕೂರುವುದು ಇನ್ನೂ ಆಗಿಲ್ಲ. ಸದ್ದು ಸಿಂಥ್ ಥರ ಇದೆ, ಆದರೂ ಕಿಕ್ ಜೊತೆ ಅಂಟುತ್ತಿಲ್ಲ. ಗ್ರಿಡ್‌ಗೆ ಕ್ವಾಂಟೈಸ್ ಮಾಡಿದರೆ (ಸ್ವರಗಳನ್ನು ತಾಳದ ಗೆರೆಗೆ ಸರಿಸಿದರೆ) ಕೈಯ ಜೀವ ಹೋಗುತ್ತದೆ, ಮಾಡದಿದ್ದರೆ ಸಡಿಲ. ಇನ್ನು ಬೇಸ್ ಗಿಟಾರ್ ಬಳಸುವುದು ನಿಯಮ ಮುರಿದ ಹಾಗಾ? ಹೌಸ್ ಕಾರ್ಡ್‌ಗಳ ಬಗ್ಗೆಯೂ ಯಾರಾದರೂ ಹೇಳಿ, ನನ್ನ ಕಾರ್ಡ್‌ಗಳು ಹಾಡುಗಾರರ ಪಕ್ಕವಾದ್ಯದ ಹಾಗೆ ಕೇಳುತ್ತಿವೆ.

ಗೇಟ್‌ಮತ್ತುಗ್ರೂವ್:

ಲಯದ ವಿಷಯಕ್ಕೆ ನಾನು ಬರುತ್ತೇನೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಡ್ಯಾನ್ಸ್ ಸಂಗೀತದಲ್ಲಿ ಸ್ವರ ಎಲ್ಲಿ ಶುರುವಾಗುತ್ತದೆ ಅನ್ನುವಷ್ಟೇ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಲಯ. ಗಿಟಾರ್‌ನವರು ಶುರುವಿನ ಕಡೆ ಗಮನ ಕೊಡುತ್ತೇವೆ, ಕೊನೆಯನ್ನು ತಂತಿಗೆ ಬಿಟ್ಟುಬಿಡುತ್ತೇವೆ, ಅದು ತನಗೆ ಬೇಕಾದಾಗ ನಿಲ್ಲುತ್ತದೆ. ಕೋಣೆ ಬೇರೆ ಅನ್ನಿಸುವುದು ಇದಕ್ಕೆ. ನಾಯ್ಸ್ ಗೇಟ್ (ಸದ್ದನ್ನು ತಡೆಯುವ, ಬಿಡುವ ಬಾಗಿಲು) ತೆಗೆದುಕೊಂಡು ಅದರ ಸೈಡ್‌ಚೈನ್‌ಗೆ (ಅದನ್ನು ಹೊರಗಿನಿಂದ ನಡೆಸುವ ದಾರಿ) ಹೈ-ಹ್ಯಾಟ್ ಕೊಡಿ. ಈಗ ಉದ್ದಕ್ಕೆ ಒಂದು ಫಝ್ ಸ್ವರವನ್ನೋ ಇ-ಬೋ ಪದರವನ್ನೋ ಹಿಡಿದುಕೊಳ್ಳಿ. ಹೈ-ಹ್ಯಾಟ್ ಹೊಡೆದಾಗ ಮಾತ್ರ ಗೇಟ್ ತೆರೆಯುತ್ತದೆ. ರಾಗ ನಿಮ್ಮ ಕೈಯದು, ಕತ್ತರಿ ಡ್ರಮ್ ಮಷೀನ್‌ದು. ಕ್ವಾಂಟೈಸ್ ಮಾಡುವ ಅಗತ್ಯವೇ ಬೀಳುವುದಿಲ್ಲ, ಯಾಕೆಂದರೆ ಸ್ವರ ಸ್ವಲ್ಪ ಮೊದಲೇ ಶುರುವಾದರೂ ಗೇಟ್ ತೆರೆಯುವವರೆಗೆ ಕೇಳುವುದಿಲ್ಲ. ಬೆಂಡ್, ವೈಬ್ರಾಟೋ ಎಲ್ಲ ಹಾಗೇ ಉಳಿಯುತ್ತವೆ. ಹೈ-ಹ್ಯಾಟ್ ಮಾದರಿ ಬದಲಾಯಿಸಿದರೆ ಗಿಟಾರ್ ಲಯವೂ ಬದಲಾಗುತ್ತದೆ. ನೀವು ಒಂದೇ ಕಾರ್ಡ್ ಹಿಡಿದು ಕೂತಿದ್ದರೂ ಹಾಡು ನಡೆಯುತ್ತಲೇ ಇರುತ್ತದೆ.

ಆಮೇಲೆ ಸೈಡ್‌ಚೈನ್ ಕಂಪ್ರೆಷನ್. ಕಿಕ್ ಬಿದ್ದಾಗ ಪ್ಯಾಡ್, ಕಾರ್ಡ್ ಕುಗ್ಗಿ ಮತ್ತೆ ಏಳಬೇಕು. 128 ಬಿಪಿಎಂನಲ್ಲಿ ಒಂದು ಕಿಕ್‌ನಿಂದ ಇನ್ನೊಂದಕ್ಕೆ ಸುಮಾರು 469 ಮಿಲಿಸೆಕೆಂಡ್. ಅಷ್ಟರೊಳಗೆ ಸದ್ದು ಪೂರ್ತಿ ವಾಪಸ್ ಬರುವಂತೆ ರಿಲೀಸ್ ಇಡಿ, ಇಲ್ಲದಿದ್ದರೆ ಬರೀ ಕುಗ್ಗಿಯೇ ಇರುತ್ತದೆ. ಡಿಲೇ ಬಳಸುವುದಾದರೆ ಡಾಟೆಡ್ ಎಂಟನೇ ಸ್ವರ (ಒಂದು ಬಡಿತದ ಮುಕ್ಕಾಲು), ಅದೇ ವೇಗಕ್ಕೆ ಸುಮಾರು 352 ಮಿಲಿಸೆಕೆಂಡ್. ಎಂಟನೇ ಸ್ವರಗಳನ್ನು ಅಂಗೈ ಅಡಗಿಸಿ ನುಡಿಸಿದರೆ ಡಿಲೇ ನಡುವಿನ ಹದಿನಾರನೇ ಜಾಗಗಳನ್ನು ತುಂಬಿ, ಕೈ ಅರ್ಧ ಕೆಲಸ ಮಾಡಿದರೂ ಪೂರ್ತಿ ಆರ್ಪೆಜಿಯೇಟರ್ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ನುಡಿಸುವ ಯಂತ್ರ) ಓಡುತ್ತಿರುವಂತೆ ಕೇಳುತ್ತದೆ.

ಕಾರ್ಡ್‌ಗೆ ಬಂದರೆ, ಇಲ್ಲಿ ಗಿಟಾರ್‌ಗೇ ಅನುಕೂಲ ಜಾಸ್ತಿ. ಹಳೆಯ ಹೌಸ್ ಕಾರ್ಡ್‌ಗಳ ಆ ವಿಶೇಷ ಸದ್ದು ಎಲ್ಲಿಂದ ಬಂತು? ಒಂದು ಮೈನರ್ ಕಾರ್ಡನ್ನು ಸ್ಯಾಂಪ್ಲರ್‌ಗೆ ಹಾಕಿ, ಅದನ್ನೇ ಬೇರೆ ಬೇರೆ ಕೀಲಿಯಿಂದ ನುಡಿಸುತ್ತಿದ್ದರು. ಕಾರ್ಡ್ ಆಕಾರ ಬದಲಾಗುವುದಿಲ್ಲ, ಇಡಿಯಾಗಿ ಮೇಲೆ ಕೆಳಗೆ ಹೋಗುತ್ತದೆ. ಕೀಬೋರ್ಡ್‌ನಲ್ಲಿ ಇದನ್ನು ಬೆರಳಿನಿಂದ ನುಡಿಸಲು ಹೋದರೆ ಕಪ್ಪು ಬಿಳಿ ಕೀಲಿಗಳ ನಡುವೆ ಪ್ರತಿ ಸಲ ಕೈ ಜೋಡಣೆ ಬದಲಿಸಬೇಕು. ಗಿಟಾರ್‌ನಲ್ಲಿ? ಮೈನರ್ ಸೆವೆಂತ್ ಹಿಡಿದು ಮೂರು ಫ್ರೆಟ್ ಮೇಲೆ ಜಾರಿಸಿ. ಮುಗಿಯಿತು. ನಿಮ್ಮ ಕಾರ್ಡ್‌ಗಳು ಪಕ್ಕವಾದ್ಯದ ಹಾಗೆ ಕೇಳುತ್ತಿದ್ದರೆ ನೀವು ಕೀ ಒಳಗಿನ ಸರಿಯಾದ ಕಾರ್ಡ್‌ಗಳನ್ನೇ ಹುಡುಕುತ್ತಿದ್ದೀರಿ ಅನ್ನಿಸುತ್ತದೆ. ಬಿಟ್ಟುಬಿಡಿ. ಒಂದೇ ಆಕಾರ ಇಟ್ಟುಕೊಂಡು ಜಾರಿಸಿ, ಆರೂ ತಂತಿ ಬಾರಿಸಬೇಡಿ, ಸಣ್ಣ ನಾಲ್ಕು ಸಾಕು, ಸ್ಟ್ರಮ್ ಮಾಡದೆ ಬೆರಳುಗಳಿಂದ ನಾಲ್ಕನ್ನೂ ಒಟ್ಟಿಗೆ ಕಿತ್ತು ತಕ್ಷಣ ಅಡಗಿಸಿ. ಸ್ಟ್ರಮ್ ಮಾಡಿದರೆ ತಂತಿಗಳು ಒಂದಾದ ಮೇಲೆ ಒಂದು ಬರುತ್ತವೆ, ಕಿವಿ ಅಲ್ಲೇ ಗಿಟಾರ್ ಅಂತ ಹಿಡಿದುಬಿಡುತ್ತದೆ.

ಬೇಸ್ ಗಿಟಾರ್ ಬಳಸುವುದೋ ಬೇಡವೋ, ನಿಯಮ ನಿಮ್ಮದು, ನೀವೇ ನಿರ್ಧರಿಸಿ. ಬಳಸದೆಯೂ ಆಗುತ್ತದೆ. ಆಕ್ಟೇವ್ ಪೆಡಲ್‌ನಿಂದ ದಪ್ಪ ಇ ಒಂದು ಸ್ಥಾಯಿ ಇಳಿದರೆ 41 ಹರ್ಟ್ಸ್, ಅದು ಬೇಸ್ ಗಿಟಾರ್‌ನ ಇ ತಂತಿಯ ಜಾಗವೇ. ಕತ್ತಿನ ಹತ್ತಿರದ ಪಿಕಪ್, ಟೋನ್ ಪೂರ್ತಿ ಕಡಿಮೆ, ಒಂದು ಸಲಕ್ಕೆ ಒಂದೇ ಸ್ವರ. ಅಷ್ಟು ಮಾಡಿದರೆ ಪೆಡಲ್ ಎಡವುವುದಿಲ್ಲ. ಬೇಸ್ ಒಂದನ್ನು ಬಿಟ್ಟು ಉಳಿದ ಎಲ್ಲ ಗಿಟಾರ್ ಟ್ರ್ಯಾಕ್‌ಗಳಲ್ಲೂ ಸುಮಾರು 150 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಕಿಕ್ ಅಂಟುತ್ತಿಲ್ಲ ಅಂದಿರಲ್ಲ, ಅರ್ಧ ಕಾರಣ ಅಲ್ಲಿರಬಹುದು.

ಟಿಬಿ-303 ಅನ್ನುವ ಬೇಸ್ ಸಿಂಥ್ ಬಗ್ಗೆ ಒಂದು ಮಾತು. ಆಸಿಡ್ ಹೌಸ್ ಹುಟ್ಟಿದ ಆ ಯಂತ್ರವನ್ನು ರೋಲ್ಯಾಂಡ್ 1980ರ ದಶಕದ ಆರಂಭದಲ್ಲಿ ತಂದದ್ದೇ ಬೇಸ್ ಗಿಟಾರ್ ಜಾಗ ತುಂಬಲು, ಒಬ್ಬರೇ ಅಭ್ಯಾಸ ಮಾಡುವ ಸಂಗೀತಗಾರರಿಗೆ ಜೊತೆ ಕೊಡಲು. ಅದರ ಸ್ಲೈಡ್ ಕೂಡ ನಮ್ಮ ಕೈಗೆ ಹತ್ತಿರದ್ದೇ. ಫಝ್, ರೆಸೊನೆನ್ಸ್ (ಕತ್ತರಿಸುವ ಜಾಗದಲ್ಲಿ ಸದ್ದು ಉಬ್ಬುವುದು) ಏರಿಸಿದ ಲೋಪಾಸ್ ಫಿಲ್ಟರ್ (ಮೇಲಿನ ಸದ್ದನ್ನು ಕತ್ತರಿಸುವುದು), ಒಂದೇ ತಂತಿ ಮೇಲೆ ಜಾರುವ ಬೆರಳು, ಇಷ್ಟಿದ್ದರೆ ಆಸಿಡ್ ಸಾಲು ಗಿಟಾರ್‌ನಲ್ಲಿ ಬರುತ್ತದೆ. ಫಿಲ್ಟರ್ ತಿರುಗಿಸಲು ಕಾಲಿನಿಂದ ನಡೆಸುವ ವಾ ಪೆಡಲ್ ಬಳಸಬಹುದು, ಕೈ ಎರಡೂ ತಂತಿ ಮೇಲೇ ಇರುತ್ತವೆ.

ಆರನೇತಂತಿ:

ಗೇಟ್ ವಿಷಯ ಸರಿಯಾಗಿ ಹೇಳಿದಿರಿ, ನನ್ನ ಉತ್ತರದಲ್ಲಿ ಅದು ಇರಬೇಕಿತ್ತು. ಹೆಕ್ಸ್‌ಪಿಕಪ್ ಅವರ ಮಾತಿಗೂ ಸ್ವಲ್ಪ ಬಾಗುತ್ತೇನೆ. ಮೀಟು ಗಿಟಾರ್‌ದು, ದೇಹ ಸಿಂಥ್‌ದು ಅನ್ನುವುದು ಚೆನ್ನಾಗಿದೆ. ಆದರೂ ದೇಹವೂ ತಂತಿಯಿಂದಲೇ ಬರಲಿ ಅನ್ನುವ ಆಸೆ ನನ್ನದು. ಹೆಕ್ಸ್ ಪಿಕಪ್ (ತಂತಿಗೊಂದು ಪಿಕಪ್) ಇದ್ದರೆ ಮಿಡಿ ಬಿಟ್ಟು ಪ್ರತಿ ತಂತಿಗೂ ಬೇರೆ ಫಝ್ ಹಾಕಬಹುದಲ್ವಾ, 1980ರ ರೋಲ್ಯಾಂಡ್ ಗಿಟಾರ್ ಸಿಂಥ್ ಜಿಆರ್-300 ಮಾಡುತ್ತಿದ್ದದ್ದೂ ಅಂಥದ್ದೇ. ಆಗ ನಾನು ಹೇಳಿದ ಒಂದೊಂದೇ ಸ್ವರ ರೆಕಾರ್ಡ್ ಮಾಡುವ ಕಷ್ಟ ತಪ್ಪುತ್ತದೆ.

ಶ್ರುತಿ ಬಗ್ಗೆ ಯಾರೂ ಹೇಳಿಲ್ಲ. ತಂತಿಯನ್ನು ಜೋರಾಗಿ ಮೀಟಿದರೆ ಸ್ವರ ಮೊದಲು ಚೂರು ಏರಿ ಆಮೇಲೆ ಇಳಿದು ನಿಲ್ಲುತ್ತದೆ. ಪದರದ ಮೇಲೆ ಪದರ ಕಟ್ಟುವಾಗ ಇದು ಕೂಡುತ್ತಾ ಹೋಗುತ್ತದೆ. ನುಡಿಸುವಾಗ ಎಷ್ಟು ಜೋರಾಗಿ ಮೀಟುತ್ತೀರೋ ಅಷ್ಟೇ ಜೋರಾಗಿ ಮೀಟಿ ಶ್ರುತಿ ಮಾಡಿ. ಪ್ರತಿ ಟೇಕ್ ಮುಂಚೆ ನೋಡಿ. ಬ್ರಿಡ್ಜ್ ಹತ್ತಿರ ಇಂಟೋನೇಷನ್ ಸರಿ ಇದೆಯಾ ಅಂತಲೂ ಒಮ್ಮೆ ಪರೀಕ್ಷಿಸಿ, 12ನೇ ಫ್ರೆಟ್ ಸ್ವರವೂ ಅಲ್ಲಿನ ಹಾರ್ಮಾನಿಕ್ಕೂ ಒಂದೇ ಆಗಿರಬೇಕು.

ನಡುರಾತ್ರಿಲೂಪ್:

ತಡವಾಗಿ ಬಂದೆ. ಡ್ರಮ್ ಮಷೀನ್ ಕೂಡ ಬಿಡಬಹುದು ಅಂತ ಹೇಳಲು ಬರೆಯುತ್ತಿದ್ದೇನೆ. ಅಡಗಿಸಿದ ತಂತಿ ಮೇಲೆ ಪಿಕ್ ಉಜ್ಜಿದರೆ ಹೈ-ಹ್ಯಾಟ್. ಪಿಕಪ್ ಮೇಲೆ ಬೆರಳು ಬಡಿದದ್ದನ್ನು ಸ್ಯಾಂಪ್ಲರ್‌ಗೆ ಹಾಕಿ, ಶುರುವಿನಲ್ಲಿ ಶ್ರುತಿ ಸರ್ರನೆ ಕೆಳಗಿಳಿಯುವ ಎನ್ವಲಪ್ ಕೊಟ್ಟರೆ ಕಿಕ್. ದಪ್ಪ ತಂತಿಯನ್ನು ಪೂರ್ತಿ ಸಡಿಲ ಮಾಡಿ ಎಳೆದು ಬಿಟ್ಟರೆ ಟಾಮ್. ಎಲ್ಲ ಹಾಡಿಗೂ ಬೇಡ, ಆದರೆ ಒಂದೆರಡರಲ್ಲಿ ಮಾಡಿ ನೋಡಿ. ಎಲ್ಲ ಸದ್ದೂ ಒಂದೇ ಮರ, ಒಂದೇ ಲೋಹದಿಂದ ಬಂದಾಗ ಅವು ತಾವಾಗಿ ಹೊಂದುತ್ತವೆ, ಇಕ್ಯೂ (ಮೇಲಿನ, ಕೆಳಗಿನ ಸದ್ದಿನ ಪಾಲು ಹೊಂದಿಸುವುದು) ಜೊತೆ ಗುದ್ದಾಡುವುದು ಕಡಿಮೆ.

ಆಲ್ಬಂ ಅಂದಿರಲ್ಲ, ಅದಕ್ಕೆ ಇನ್ನೊಂದು. ಹಾಡು ಬರೆಯಲು ಕೂರುವ ಮೊದಲು ಒಂದಷ್ಟು ದಿನ ಬರೀ ಸದ್ದು ಸಂಗ್ರಹಿಸಿ: ಹೊಡೆತ, ಉಜ್ಜು, ಇ-ಬೋ ಸ್ವರ, ಫೀಡ್‌ಬ್ಯಾಕ್, ಕಾರ್ಡ್ ತುಣುಕು. ಹೆಸರಿಟ್ಟು ಫೋಲ್ಡರ್ ಮಾಡಿ. ಇಡೀ ಆಲ್ಬಂ ಆ ಫೋಲ್ಡರ್‌ನಿಂದಲೇ ಕಟ್ಟಿದರೆ ಎಲ್ಲ ಹಾಡುಗಳಿಗೂ ಒಂದೇ ಮೈಬಣ್ಣ ಬರುತ್ತದೆ. ಪ್ರತಿ ಹಾಡಿಗೂ ಹೊಸ ಪೆಡಲ್, ಹೊಸ ಪ್ಲಗಿನ್ ಅಂತ ಹೊರಟರೆ ಆಲ್ಬಂ ಆಗುವುದಿಲ್ಲ, ಹಾಡುಗಳ ಗುಂಪಾಗುತ್ತದೆ ಅಷ್ಟೇ. ಇನ್ನು ಗಿಟಾರ್ ಸೋಲೋ ಹಾಕುವ ಆಸೆ ಬಂದೇ ಬರುತ್ತದೆ. ಬಂದಾಗ ಎಂಟು ಬಾರ್‌ನ ಒಂದು ಸಣ್ಣ ಸಾಲು ಮಾಡಿ ಅದನ್ನೇ ಲೂಪ್ ಮಾಡಿ, 32 ಬಾರ್ ಉದ್ದಕ್ಕೂ ಫಿಲ್ಟರ್ ನಿಧಾನವಾಗಿ ತೆರೆಯಿರಿ. ಕುಣಿಯುವವರಿಗೆ ಬೇಕಾದದ್ದು ಅದೇ, ಒಂದೇ ಸಾಲು ಕಣ್ಣೆದುರಿಗೇ ಬದಲಾಗುತ್ತಾ ಬೆಳೆಯುವುದು.

ತಂತಿಮೀಟು:

ಗೇಟ್‌ಗೆ ಹೈ-ಹ್ಯಾಟ್ ಕೊಟ್ಟು ನೋಡಿದೆ. ಅಂಟಿತು! ಮೈನರ್ ಸೆವೆಂತ್ ಒಂದೇ ಆಕಾರ, ಐದನೇ ಫ್ರೆಟ್‌ನಿಂದ ಎಂಟಕ್ಕೆ, ಅಲ್ಲಿಂದ ಮೂರಕ್ಕೆ, ಇಷ್ಟರಲ್ಲೇ ಒಂದು ಹಾಡಿನ ಬೆನ್ನೆಲುಬು ಸಿಕ್ಕಿದೆ. ಮಿಡಿ ಪಿಕಪ್ ಸದ್ಯಕ್ಕೆ ಬೇಡ, ಆಡಿಯೋದಿಂದ ಮಿಡಿ ಮಾಡುವ ದಾರಿಯನ್ನು ಬೇಸ್‌ಗೆ ಒಂದು ಸಲ ಪರೀಕ್ಷಿಸುತ್ತೇನೆ, ಆಕ್ಟೇವ್ ಪೆಡಲ್ ಜೊತೆ ಹೋಲಿಸಿ ಯಾವುದು ಗಟ್ಟಿ ಅಂತ ನೋಡಬೇಕು. ಸದ್ದಿನ ಫೋಲ್ಡರ್ ಕೆಲಸ ಇವತ್ತಿಂದಲೇ ಶುರು. ನಡುರಾತ್ರಿಲೂಪ್, ಪಿಕಪ್ ಮೇಲೆ ಬಡಿದು ಕಿಕ್ ಮಾಡುವಾಗ ಕೆಳಗಿನ 50 ಹರ್ಟ್ಸ್ ಭಾಗ ಬರುತ್ತಾ, ಇಲ್ಲ ಅದರ ಕೆಳಗೆ ಬೇರೇನಾದರೂ ಇಡಬೇಕಾ?

ನಡುರಾತ್ರಿಲೂಪ್:

ಬಡಿತದಲ್ಲಿ ಅಷ್ಟು ಕೆಳಗಿನದು ಇರುವುದಿಲ್ಲ. ಇಡಬೇಕು. ದಪ್ಪ ತಂತಿಯ 12ನೇ ಫ್ರೆಟ್ ಹಾರ್ಮಾನಿಕ್ ಮೀಟಿ ರೆಕಾರ್ಡ್ ಮಾಡಿ, ಅದು ಹೆಚ್ಚುಕಡಿಮೆ ಶುದ್ಧ ಅಲೆ. ಸ್ಯಾಂಪ್ಲರ್‌ನಲ್ಲಿ ಎರಡು ಸ್ಥಾಯಿ ಇಳಿಸಿದರೆ 41 ಹರ್ಟ್ಸ್ ಹತ್ತಿರ ಬರುತ್ತದೆ, ಹಾಡಿನ ಶ್ರುತಿಗೆ ತಕ್ಕ ಹಾಗೆ ಮೇಲಕ್ಕೆ ಸರಿಸಿಕೊಳ್ಳಿ. ಶುರುವಿನ ಮೀಟು ಕತ್ತರಿಸಿ, ಬಡಿತವನ್ನು ಅದರ ತಲೆಗೆ ಅಂಟಿಸಿ.